ನೋಡಿದ ದಿನ

ಯಾರಾದರೂ "ಎಲ್ಲೋ ಓದಿದ್ದೆ" ಅಂದರೆ ನಮ್ಮ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಬೇರೆ ಮೇಷ್ಟ್ರುಗಳಿಗೆ ನಾವು ತಡವಾಗಿ ಬಂದರೆ, ಪಾಠದ ನಡುವೆ ಪಿಸುಗುಟ್ಟಿದರೆ ಸಿಟ್ಟು ಬರುತ್ತಿತ್ತು. ಇವರಿಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಕೊನೇ ಬೆಂಚಿನಲ್ಲಿ ತೂಕಡಿಸುವವರನ್ನು ಅವರು ಎಬ್ಬಿಸಿದ್ದು ನಾನು ನೋಡಿಲ್ಲ. ಆದರೆ "ಎಲ್ಲೋ ಓದಿದ್ದೆ ಸಾರ್" ಅನ್ನುವ ಮಾತು ಬಾಯಿಂದ ಬಿದ್ದರೆ ಸಾಕು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಲ್ಲೋ ಅನ್ನೋ ಊರು ಯಾವ ತಾಲ್ಲೂಕಲ್ಲೈತಮ್ಮ? ಯಸಳೂರು ಗೊತ್ತು, ವನಗೂರು ಗೊತ್ತು. ಎಲ್ಲೋ ಅನ್ನೋದು ನಂಗೊತ್ತಿಲ್ಲ," ಅನ್ನುತ್ತಿದ್ದರು. ಕ್ಲಾಸು ನಗುತ್ತಿತ್ತು. ಅವರು ನಗುತ್ತಿರಲಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ಬಿ.ಎ.ಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಯಸಳೂರಿನಿಂದ ಫೋನ್ ಮಾಡಿದ. "ಮೇಷ್ಟ್ರು ಹೋಗ್ಬುಟ್ರು ಕಣೆ. ಅವರ ಮೇಲೊಂದು ನೆನಪಿನ ಪುಸ್ತಕ ತರ್ತಾ ಇದೀವಿ. ನೀನು ಬರೀಲೇಬೇಕು. ನಿನ್ನಷ್ಟು ಹತ್ರ ಅವರಿಗೆ ಇನ್ಯಾರಿದ್ರು ಹೇಳು?" ಅಂದ. ಒಳ್ಳೆಯದನ್ನೇ ಬರೆಯಬೇಕಾ ಅಂತ ಕೇಳಿದೆ. ಅವನು, "ನಿಂಗೆ ಹೆಂಗೆ ಬರುತ್ತೋ ಹಂಗೆ ಬರಿ ಮಾರಾಯ್ತಿ," ಅಂದ. ಹಾಗಾಗಿ ಬರುವ ಹಾಗೆ ಬರೆಯುತ್ತಿದ್ದೇನೆ. ಮೇಷ್ಟ್ರ ಹೆಸರು ನಾನು ಬರೆಯುವುದಿಲ್ಲ. ಅದು ಹೇಗೂ ಪುಸ್ತಕದ ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ.

ಅವರದು ಆಲೂರಿನ ಹತ್ತಿರದ ರೈತರ ಮನೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೋಳು ಮಡಿಸದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಹಸಿರು ಇಂಕಿನ ಪೆನ್ನು, ಅದರ ಹಿಂದೆ ಅಂಗೈಯಗಲದ ಒಂದು ನೋಟ್‌ಬುಕ್. ದಿನಾ ಬೆಳಿಗ್ಗೆ ಆಲೂರಿನಿಂದ ಬಸ್ಸಿನಲ್ಲಿ ಬಂದು ಸಕಲೇಶಪುರದಲ್ಲಿ ಇಳಿದು, ಕಾಲೇಜಿನವರೆಗೆ ನಡೆದು ಬರುತ್ತಿದ್ದರು. ನಾವು ಹುಡುಗಿಯರು ಹಿಂದಿನಿಂದ ಅವರ ನಡಿಗೆ ಅಣಕಿಸುತ್ತಿದ್ದೆವು. ಚಿಕ್ಕ ಚಿಕ್ಕ ಹೆಜ್ಜೆ, ದೊಡ್ಡ ಅವಸರ.

ನಾನು ಅವರ ಕಣ್ಣಿಗೆ ಬಿದ್ದದ್ದು ಒಂದು ತಪ್ಪಿನಿಂದ. ಎರಡನೇ ವರ್ಷದ ಬಿ.ಎ.ಯಲ್ಲಿ ಒಂದು ಕಿರುಪ್ರಬಂಧ ಬರೆಯಲು ಕೊಟ್ಟಿದ್ದರು. ನಾನು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಚೆನ್ನಾಗಿ ಹೆಣೆದು ಎಂಟು ಪುಟ ಬರೆದು, ಕೊನೆಯಲ್ಲಿ ಅಡಿಗೆರೆ ಎಳೆದು "ಆಧಾರ: ಇಂಟರ್ನೆಟ್" ಎಂದು ಹಾಕಿದ್ದೆ. ಆಧಾರ ಕೊಟ್ಟಿದ್ದೇನೆ ಎಂಬ ಹೆಮ್ಮೆ ಬೇರೆ. ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಇದು ಹೆಂಗಾಯ್ತು ಗೊತ್ತಾ? ಯಾರಮ್ಮ ಹೇಳಿದ್ದು ಅಂದ್ರೆ ಆಲೂರು ಬಸ್‌ಸ್ಟ್ಯಾಂಡು ಹೇಳ್ತು ಅಂದಂಗಾಯ್ತು. ಬಸ್‌ಸ್ಟ್ಯಾಂಡು ಮಾತಾಡಲ್ಲ ಕಣಮ್ಮ. ಅಲ್ಲಿ ನಿಂತಿರೋರು ಯಾರೋ ಮಾತಾಡಿರ್ತಾರೆ. ಅವರ ಹೆಸರು ನಂಗೆ ಬೇಕು."

ಮರುದಿನ ಕ್ಲಾಸಿನಲ್ಲಿ ಜಾಲಪುಟವನ್ನು ಆಧಾರವಾಗಿ ಕೊಡುವುದು ಹೇಗೆ ಎಂದು ಪಾಠವಾಯಿತು. ಬರೆದವರು ಯಾರು, ಪುಟದ ಹೆಸರೇನು, ಯಾವ ತಾಣ, ಅದರ ವಿಳಾಸ, ಕಡೆಗೆ ನಾವು ಅದನ್ನು ನೋಡಿದ ದಿನ. ಸೆಮಿಸ್ಟರಿನ ಸಿಲಬಸ್ಸಿನಲ್ಲಿ ಇದು ಇರಲೇ ಇಲ್ಲ. ಆದರೂ ಎರಡು ವಾರ ಅದನ್ನೇ ಎಳೆದರು. ಪುಸ್ತಕಗಳ ಪಟ್ಟಿಗೆ ಗ್ರಂಥಋಣ ಅನ್ನುತ್ತೇವಲ್ಲ, ಹಾಗೇ ಇದಕ್ಕೆ ಜಾಲಋಣ ಎಂದು ಅವರೇ ಹೆಸರಿಟ್ಟರು. "ಋಣ ಅನ್ನೋ ಮಾತು ಆಡಿದ ಮೇಲೆ ಯಾರ ಋಣ ಅಂತ ಹೇಳ್ಬೇಕು. ಇಲ್ದಿದ್ರೆ ಆ ಮಾತೇ ಆಡಬಾರದು," ಅಂದರು.

ಐದರಲ್ಲಿ ಅವರಿಗೆ ಪ್ರಾಣವೆಂದರೆ ಕಡೆಯದು. ನೋಡಿದ ದಿನ. ಅದು ಯಾಕೆ ಬೇಕು ಸಾರ್, ಉಳಿದದ್ದೆಲ್ಲ ಇದೆಯಲ್ಲ ಅಂತ ಯಾರೋ ಕೇಳಿದರು. "ಪುಸ್ತಕ ಒಂದ್ಸಲ ಅಚ್ಚಾದ್ರೆ ಮುಗೀತು, ಅದು ನಿಮ್ಮನೆ ಕಪಾಟಲ್ಲಿ ಹಂಗೇ ಇರುತ್ತೆ. ಈ ಪುಟ ಇವತ್ತೊಂಥರಾ ಇರುತ್ತೆ, ನಾಳೆ ಯಾರೋ ಬಂದು ತಿದ್ದಿರ್ತಾರೆ, ನಾಡಿದ್ದು ಇರೋದೇ ಇಲ್ಲ. ನೀನು ನೋಡ್ದಾಗ ಅದು ಹೆಂಗಿತ್ತು ಅನ್ನೋದಕ್ಕೆ ಸಾಕ್ಷಿ ನೀನೊಬ್ಳೇ. ಸಾಕ್ಷಿ ಹೇಳೋಳು ದಿನ ತಪ್ಪಿಸಿದ್ರೆ ಆ ಸಾಕ್ಷಿ ಯಾಕ್ ಬೇಕು?" ಇಷ್ಟು ಹೇಳಿ ಜೇಬಿನ ನೋಟ್‌ಬುಕ್ ತೆಗೆದು ತೋರಿಸಿದರು. ಅವರು ನೋಡಿದ ಪ್ರತಿಯೊಂದು ಜಾಲಪುಟವೂ ಅದರಲ್ಲಿ ದಿನಾಂಕದ ಸಮೇತ ಹಸಿರು ಇಂಕಿನಲ್ಲಿತ್ತು. ಅಂಥ ನೋಟ್‌ಬುಕ್ಕುಗಳು ಅವರ ಮನೆಯಲ್ಲಿ ಒಂದು ಟ್ರಂಕ್ ತುಂಬ ಇವೆಯೆಂದು ಆಮೇಲೆ ಗೊತ್ತಾಯಿತು.

ಇದು ಬರೀ ಕ್ಲಾಸಿನ ಶಿಸ್ತಾಗಿದ್ದರೆ ಮರೆತುಬಿಡಬಹುದಿತ್ತು. ಒಮ್ಮೆ ಆಲೂರಿನ ಬಸ್ಸಿನಲ್ಲಿ ನಾನೂ ಇದ್ದೆ. ಮುಂದಿನ ಸೀಟಿನವರು ಮೆಣಸಿನ ರೇಟು ಏರುತ್ತಂತೆ, ಮೊಬೈಲಲ್ಲಿ ಬಂದಿದೆ ಅಂತ ಮಾತಾಡಿಕೊಳ್ಳುತ್ತಿದ್ದರು. ಮೇಷ್ಟ್ರು ಹಿಂದಿನಿಂದ ಬಗ್ಗಿ, "ಯಾರು ಹಾಕಿದ್ದು ಕಣ್ರೀ ಅದು? ಯಾವತ್ತು ನೋಡಿದ್ರಿ?" ಅಂದರು. ಅವರು ಇವರನ್ನು ವ್ಯಾಪಾರಿ ಅಂದುಕೊಂಡು ಮೊಬೈಲು ತೋರಿಸಿದರು. ಇವರು ಮೇಲೆ ಕೆಳಗೆ ಸರಿಸಿ ನೋಡಿ, "ಇದು ಹೋದ ವರ್ಷದ್ದು," ಅಂತ ವಾಪಸ್ ಕೊಟ್ಟರು. ಬಾಳ್ಳುಪೇಟೆ ಬರುವಷ್ಟರಲ್ಲಿ ಆ ಸೀಟಿನವರು ಮಳೆಯ ಮಾತಿಗೆ ತಿರುಗಿದ್ದರು.

ನನ್ನ ಮನೆ ವನಗೂರಿನ ಕಡೆ. ಅಪ್ಪ ಅಲ್ಲಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಎಸ್ಟೇಟಿನ ನಕ್ಷೆಯಲ್ಲಿ ತೋಟವನ್ನು ಒಂದನೇ ಬ್ಲಾಕ್, ಎರಡನೇ ಬ್ಲಾಕ್ ಅಂತ ಭಾಗ ಮಾಡಿದ್ದರು. ಆದರೆ ಎಸ್ಟೇಟಿನ ಸಾಲುಮನೆಗಳ ಲೈನಿನಲ್ಲಿದ್ದ ಆಳುಗಳು ಯಾರೂ ಆ ನಂಬರು ಹೇಳುತ್ತಿರಲಿಲ್ಲ. ಅವರಿಗೆ ಪ್ರತಿ ತಾಕಿಗೂ ತಮ್ಮದೇ ಹೆಸರಿತ್ತು. ಬುತ್ತಿ ಮರೆತ ತಾಕು. ಜೀಪು ಮಗುಚಿದ ತಿರುವು. ಸೀರೆ ಹರಿದ ಇಳಿಜಾರು. ಮದುವೆ ಮುರಿದ ಕಟ್ಟೆ. ಒಂದೊಂದು ಹೆಸರಿನ ಹಿಂದೆ ಒಂದೊಂದು ಕಥೆ. ಇದನ್ನು ಒಮ್ಮೆ ಮಾತಿಗೆ ಹೇಳಿದಾಗ ಮೇಷ್ಟ್ರು ಕುರ್ಚಿಯಿಂದ ಎದ್ದುಬಿಟ್ಟರು. "ಇದನ್ನ ಯಾರೂ ಬರೆದಿಲ್ಲ ಕಣಮ್ಮ. ನಿನ್ನ ಪಿಎಚ್.ಡಿ. ಇದೇ," ಅಂದರು.

ನಾನು ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೆ, ಅದನ್ನೇ ವಿಷಯವಾಗಿಟ್ಟುಕೊಂಡು ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿದೆ. ಕಾಗದದ ಮೇಲೆ ಮಾರ್ಗದರ್ಶಕರು ಬೇರೆಯವರಿದ್ದರು. ಅವರು ಸಹಿ ಹಾಕುತ್ತಿದ್ದರು. ತಿದ್ದುತ್ತಿದ್ದವರು ಮೇಷ್ಟ್ರು. ನನ್ನ ಅಡಿಟಿಪ್ಪಣಿಗಳಲ್ಲಿದ್ದ ಪ್ರತಿ ಜಾಲವಿಳಾಸವನ್ನೂ ತಾವೇ ಟೈಪ್ ಮಾಡಿ ತೆರೆದು ನೋಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬರುತ್ತಿತ್ತು: "ನಿನ್ನ ಹನ್ನೊಂದನೇ ಟಿಪ್ಪಣಿ ತೆರೀತಿಲ್ಲ. ಒಂದಕ್ಷರ ನುಂಗಿದೀಯ." ತುತ್ತು ಕೈಯಲ್ಲೇ ಇಟ್ಟುಕೊಂಡು ನಾನು ಹುಡುಕುತ್ತಿದ್ದೆ. ಹೆತ್ತ ತಾಯಿಯೂ ಮಗಳ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡುವುದಿಲ್ಲ ಅಂತ ನನಗೆ ಅನ್ನಿಸುತ್ತಿತ್ತು. ಅದು ಪ್ರೀತಿ ಎಂದೇ ತಿಳಿದಿದ್ದೆ. ಇವತ್ತಿಗೂ ಅದು ಪ್ರೀತಿಯಲ್ಲ ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ಹೆಸರು ಕಲೆಹಾಕಲು ನನಗೆ ನಾಲ್ಕು ವರ್ಷ ಹಿಡಿಯಿತು. ಮೊಬೈಲು ಮುಂದಿಟ್ಟು ರೆಕಾರ್ಡ್ ಮಾಡುತ್ತೇನೆ ಅಂದರೆ ಲೈನಿನ ಹೆಂಗಸರು ಬಾಯಿ ಹೊಲಿದುಕೊಂಡುಬಿಡುತ್ತಿದ್ದರು. ಹಾಗಾಗಿ ಅವರ ಜೊತೆ ಹಣ್ಣು ಕೊಯ್ಯುತ್ತಾ, ಅವರು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ಮನೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರು ತೋಟಕ್ಕೆ ಬಂದದ್ದು ಎರಡು ಸಲ. ಮೊದಲ ಸಲ ಜೀಪಿನಲ್ಲಿ ಬಂದು, ಅಮ್ಮ ಮಾಡಿದ ಕಡುಬು, ಕಳಲೆ ಸಾರು ಉಂಡು, ಅಪ್ಪನ ಹಿಂದೆ ಸ್ವಲ್ಪ ದೂರ ನಡೆದರು. ಅಪ್ಪ ಒಂದು ಕಡೆ ನಿಂತು, "ಇದು ರೈಟರ್ ಜಾರಿದ ಕೊರಕಲು ಸಾರ್. ಆ ರೈಟರ್ ನಾನೇ. ಹಾಜರಿ ಪುಸ್ತಕ ಹಿಡ್ಕಂಡು ಕೆಳಗಿನತನಕ ಹೋಗ್ಬುಟ್ಟಿದ್ದೆ. ಹೆಂಗಸ್ರೆಲ್ಲ ಕೊಯ್ಲು ಬಿಟ್ಟು ನಗೋಕ್ ನಿಂತ್ರು," ಅಂತ ತೋರಿಸಿದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡನೇ ಸಲ ಬಂದದ್ದು ಸಂಕ್ರಾಂತಿಗೆ. ನಾನು ಕಲೆಹಾಕಿದ ಹೆಸರುಗಳನ್ನೂ ಕಥೆಗಳನ್ನೂ ಒಂದು ಬ್ಲಾಗಿನಲ್ಲಿ ಹಾಕಲು ಸಿದ್ಧಮಾಡಿದ್ದೆ. ಇನ್ನೂ ಕರಡು. ನನ್ನ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಮಾತ್ರ ಕಾಣಿಸುತ್ತಿತ್ತು, ಹೊರಗಿನವರಿಗೆ ಆ ಪುಟ ಇರಲೇ ಇಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ. ಮೊಬೈಲನ್ನು ಅಲ್ಲಿಟ್ಟು, ಅದರಿಂದ ಲ್ಯಾಪ್‌ಟಾಪಿಗೆ ಸಂಪರ್ಕ ಕೊಟ್ಟು, ಮೇಷ್ಟ್ರನ್ನು ಒಗ್ಗರಣೆಯ ಹೊಗೆಯ ನಡುವೆಯೇ ಕೂರಿಸಿ ತೋರಿಸಿದೆ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ ಒಂದು ಗಂಟೆ ಓದಿದರು. ಅಲ್ಪಪ್ರಾಣ ಮಹಾಪ್ರಾಣ ತಿದ್ದಿಸಿದರು. ಓದಿ ಮುಗಿದ ಮೇಲೆ ಜೇಬಿನ ನೋಟ್‌ಬುಕ್ ತೆಗೆದು ಪುಟದ ಹೆಸರು, ವಿಳಾಸ, ದಿನಾಂಕ ಬರೆದುಕೊಂಡರು. ಪುಟದ ಕೆಳಗೆ ನನ್ನ ಹೆಸರು ಹಾಕಿದ್ದೆ. ಅದರ ಮೇಲೆ ಬೆರಳಿಟ್ಟು, "ಇದು ಈಗ ಬೇಡ ಕಣಮ್ಮ," ಅಂದರು.

"ಯಾಕೆ ಸಾರ್?"

"ನಾಳೆ ಪ್ರಬಂಧ ಒಪ್ಪಿಸ್ದಾಗ, ಇದು ನಿನ್ನ ಹೆಸರಲ್ಲಿ ಆಗ್ಲೇ ಪ್ರಕಟ ಆಗೈತೆ ಅಂತ ತಕರಾರು ತೆಗೀತಾರೆ. ಈಗ ಹೆಸರಿಲ್ದೆ ಬಿಡು. ಪದವಿ ಬರ್ಲಿ. ಆಮೇಲೆ ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಎಲ್ಲಾ ಹಾಕೋಣ."

ಹಾಕೋಣ ಅಂದರು. ನಾನು ಹೆಸರು ಅಳಿಸಿದೆ. ಅವರು ಹೇಳಿದ ಇನ್ನೂ ಕೆಲವು ತಿದ್ದುಪಡಿ ಮಾಡಿ, ಶಿವರಾತ್ರಿಯ ಬೆಳಿಗ್ಗೆ ಪುಟವನ್ನು ಎಲ್ಲರಿಗೂ ಕಾಣುವಂತೆ ಬಿಟ್ಟೆ.

ಅದಾದ ವರ್ಷ ಅವರು ನಿವೃತ್ತರಾದರು. ಮರು ವರ್ಷ ನಾನು ಪ್ರಬಂಧ ಒಪ್ಪಿಸಿದೆ. ಈಗ ಯಾವ ಪ್ರಬಂಧವನ್ನಾದರೂ ಮೊದಲು ಕಂಪ್ಯೂಟರಿಗೆ ಹಾಕಿ, ಬೇರೆಯವರ ಬರಹ ಎಷ್ಟು ನಕಲಾಗಿದೆ ಎಂದು ನೋಡುತ್ತಾರಲ್ಲ, ಆ ವರದಿ ಬಂತು. ನನ್ನ ಮೂರನೇ ಮತ್ತು ನಾಲ್ಕನೇ ಅಧ್ಯಾಯ ಪೂರ್ತಿ ಕೆಂಪು. ಮಾರ್ಗದರ್ಶಕರು ಕರೆದು, "ಇದೇನಮ್ಮ, ನಿಮ್ಮ ಗುರುಗಳ ಲೇಖನವನ್ನೇ ಎತ್ತಿಬಿಟ್ಟಿದ್ದೀರಲ್ಲ," ಅಂದರು. ನನಗೆ ಅರ್ಥವೇ ಆಗಲಿಲ್ಲ. ಯಾವ ಲೇಖನ ಅಂತ ಕೇಳಿದೆ. ಅವರು ಒಂದು ಸಂಶೋಧನಾ ಪತ್ರಿಕೆ ಮುಂದಿಟ್ಟರು.

ಮೇಷ್ಟ್ರ ಹೆಸರು, ಅದರ ಕೆಳಗೆ ನನ್ನ ತಾಕುಗಳು. "ಹಲವು ವರ್ಷಗಳ ನನ್ನ ಕ್ಷೇತ್ರಕಾರ್ಯದಲ್ಲಿ ಕಂಡುಕೊಂಡಂತೆ" ಎಂದು ಶುರುವಾಗುತ್ತಿತ್ತು. ಬುತ್ತಿ ಮರೆತ ತಾಕು ಇತ್ತು. ಸೀರೆ ಹರಿದ ಇಳಿಜಾರಿತ್ತು. ನನ್ನ ವಾಕ್ಯಗಳೇ, ಅಲ್ಲಲ್ಲಿ ಒಂದು ಶಬ್ದ ಹಿಂದೆಮುಂದೆ. ರೈಟರ್ ಜಾರಿದ ಕೊರಕಲೂ ಇತ್ತು. ಅಪ್ಪ ಅದರಲ್ಲಿ "ಒಬ್ಬ ಗುಮಾಸ್ತ" ಆಗಿದ್ದರು. ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ, "ಇವುಗಳಲ್ಲಿ ಕೆಲವು ಹೆಸರುಗಳು ಒಂದು ಜಾಲಪುಟದಲ್ಲೂ ಕಾಣಸಿಗುತ್ತವೆ. ಲೇಖಕರ ಹೆಸರಿಲ್ಲ" ಎಂದು ಬರೆದು, ಪುಟದ ಹೆಸರು, ತಾಣ, ವಿಳಾಸ, ನೋಡಿದ ದಿನ ಕೊಟ್ಟಿದ್ದರು. ನಮಗೆ ಕಲಿಸಿದ್ದ ಕ್ರಮದಲ್ಲೇ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಏನೂ ಆಧಾರ ಕೊಡದೆ ಸುಮ್ಮನೆ ಕದ್ದಿದ್ದರೆ ಕಳ್ಳ ಎಂದು ಬೈದು ಮುಗಿಸಬಹುದಿತ್ತು. ಇವರು ನನ್ನನ್ನು ನಿಯಮದ ಪ್ರಕಾರ ಅಳಿಸಿದ್ದರು. ಹೆಸರು ತೆಗೆಸಿದವರೂ ಅವರೇ, ಹೆಸರಿಲ್ಲ ಎಂದು ಬರೆದವರೂ ಅವರೇ.

ಮನೆಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ, "ಅವರು ತೋಟಕ್ಕೆ ಬಂದಿದ್ದು ಎರಡೇ ಸಲ ಕಣಮ್ಮ. ಒಂದ್ಸಲ ಕಡುಬು, ಇನ್ನೊಂದ್ಸಲ ಎಳ್ಳುಬೆಲ್ಲ. ನಾನು ಜಾರಿದ್ದು ಅವರ ಕ್ಷೇತ್ರಕಾರ್ಯ ಆಗೋಯ್ತಾ?" ಅಂದರು. ಅಮ್ಮ ಒಳಗಿನಿಂದ, ಏನೋ ಅಚಾತುರ್ಯ ಆಗಿರಬೇಕು, ಹೋಗಿ ಕೇಳು ಅಂದಳು. ನನಗೂ ಹಾಗೇ ನಂಬಬೇಕೆಂಬ ಆಸೆ ಇತ್ತು.

ವಿಶ್ವವಿದ್ಯಾಲಯದ ಸಮಿತಿ ಎರಡು ದಾರಿ ಕೊಟ್ಟಿತ್ತು. ಆ ಎರಡು ಅಧ್ಯಾಯ ತೆಗೆದುಹಾಕಬೇಕು, ಅಂದರೆ ಪ್ರಬಂಧವೇ ಉಳಿಯುತ್ತಿರಲಿಲ್ಲ. ಇಲ್ಲವೇ ಇವನ್ನು ಕಲೆಹಾಕಿದ್ದು ನಾನೇ ಎಂದು ಮೇಷ್ಟ್ರಿಂದ ಪತ್ರ ತರಬೇಕು. ಬ್ಲಾಗಿನ ಪಾಸ್‌ವರ್ಡ್ ನನ್ನ ಹತ್ತಿರ ಇದೆ ಅಂದೆ. "ಬ್ಲಾಗು ನಿಮ್ಮದೇ ಇರಬಹುದು. ಅವರು ಕಲೆಹಾಕಿದ್ದನ್ನು ನೀವು ನಿಮ್ಮ ಬ್ಲಾಗಿಗೆ ಹಾಕಿರಬಹುದಲ್ಲ," ಅಂದರು. ಕೈಬರಹದ ಟಿಪ್ಪಣಿ ತೋರಿಸಿದೆ. ಅದನ್ನು ಯಾವಾಗ ಬೇಕಾದರೂ ಬರೆಯಬಹುದು ಅಂದರು. ಅಪ್ಪ ಬಂದು ಹೇಳುತ್ತಾರೆ ಅಂದರೆ ಮುಂದಿನ ಫೈಲು ಎತ್ತಿಕೊಂಡರು. ಒಂದು ಕಡೆ ಇಡೀ ಜಿಲ್ಲೆಗೆ ಅಡಿಟಿಪ್ಪಣಿ ಕಲಿಸಿದ ಹಿರಿಯ ಮೇಷ್ಟ್ರು, ಇನ್ನೊಂದು ಕಡೆ ಅತಿಥಿ ಉಪನ್ಯಾಸಕಿ. ಸಮಿತಿಯವರ ಜಾಗದಲ್ಲಿದ್ದರೆ ನಾನೂ ಮೇಷ್ಟ್ರನ್ನೇ ನಂಬುತ್ತಿದ್ದೆನೇನೋ.

ಆಲೂರಿಗೆ ಹೋದೆ. ಬಾಗಿಲು ತೆರೆದವರೇ ಎಂದಿನಂತೆ, "ಬಾ ಕಣಮ್ಮ, ಬಸ್ಸು ತಡ ಆಯ್ತಾ?" ಅಂದರು. ಕಾಫಿ ಬಂತು. ನಾನು ಅವರ ಲೇಖನವನ್ನೂ ನನ್ನ ಪ್ರಬಂಧವನ್ನೂ ಟೀಪಾಯಿ ಮೇಲಿಟ್ಟೆ. ಅವರು ಲೇಖನವನ್ನು ಮುಟ್ಟಲಿಲ್ಲ. ಪ್ರಬಂಧ ಎತ್ತಿಕೊಂಡು ಪುಟ ತಿರುವತೊಡಗಿದರು.

"ಸಾರ್, ಸಮಿತಿಯವರು ಪತ್ರ ಕೇಳ್ತಿದ್ದಾರೆ. ಆ ಪುಟ ಬರೆದದ್ದು ನಾನು ಅಂತ ಒಂದು ಸಾಲು ಬರ್ಕೊಡಿ."

"ಪುಟದಲ್ಲಿ ಹೆಸರಿರ್ಲಿಲ್ಲವಲ್ಲಮ್ಮ."

"ಹಾಕಬೇಡ ಅಂದವರು ನೀವೇ ಸಾರ್."

"ಅಂದಿದ್ದೆ." ಅವರು ಇನ್ನೊಂದು ಪುಟ ತಿರುವಿದರು. "ಹೆಸರಿಲ್ದಿದ್ರೆ ಹೆಸರಿಲ್ಲ ಅಂತ್ಲೇ ಬರೀಬೇಕು. ನಿಯಮ ಹಂಗೈತೆ."

"ಮತ್ತೆ ಕ್ಷೇತ್ರಕಾರ್ಯ ನಿಮ್ಮದು ಅಂತ ಬರೆದಿದ್ದೀರಲ್ಲ, ಅದು ಯಾವ ನಿಯಮ?"

ಅವರು ನನ್ನ ಮುಖ ನೋಡದೆ ಒಂದು ಉಪಾಯ ಹೇಳಿದರು. "ನೀನು ಆ ಎರಡು ಅಧ್ಯಾಯಕ್ಕೆ ನನ್ನ ಲೇಖನ ಆಕರ ಅಂತ ಟಿಪ್ಪಣಿ ಹಾಕ್ಬುಡು. ಸಮಿತಿಯವರ ಬಾಯಿ ಮುಚ್ಚುತ್ತೆ. ನಿಂಗೂ ಪದವಿ ಬರುತ್ತೆ."

"ನಾನು ಬರೆದದ್ದಕ್ಕೆ ನಿಮ್ಮ ಹೆಸರಾ ಸಾರ್?"

"ಮೂವತ್ತೈದು ವರ್ಷ ಬೇರೆಯವರ ಅಡಿಟಿಪ್ಪಣಿ ತಿದ್ದಿದೀನಿ ಕಣಮ್ಮ," ಅಂದರು. ಅಷ್ಟೇ ಅಂದರು. ಅವರ ದನಿಯಲ್ಲಿ ನಾಚಿಕೆ ಇತ್ತೋ ಸಿಟ್ಟಿತ್ತೋ ನನಗೆ ತಿಳಿಯಲಿಲ್ಲ. ಅವರ ಹೆಸರಿನಲ್ಲಿ ಅದಕ್ಕೆ ಮೊದಲು ಹೇಳಿಕೊಳ್ಳುವಂಥ ಒಂದು ಲೇಖನವೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಜೀವಮಾನ ಕಳೆದವರಿಗೆ ಒಮ್ಮೆ ಮೇಲೆ, ದೊಡ್ಡಕ್ಷರದಲ್ಲಿ ಕಾಣಿಸಿಕೊಳ್ಳಬೇಕು ಅನ್ನಿಸಿತೇನೋ. ಕನಿಕರ ಬರಬೇಕಿತ್ತು, ಬರಲಿಲ್ಲ. ಅವರಿಗೆ ಮೇಲೆ ಹತ್ತಲು ನನ್ನ ಭುಜವೇ ಬೇಕಾಗಿತ್ತೆ ಎಂದು ಮೈಯೆಲ್ಲ ಹತ್ತಿಕೊಂಡು ಉರಿಯಿತು.

ನಾನು ಏಳುವಾಗ ಅವರು ಜೇಬಿನಿಂದ ಹಸಿರು ಪೆನ್ನು ತೆಗೆದರು. ಪತ್ರ ಬರೆಯುತ್ತಾರೆ ಅಂದುಕೊಂಡು ನಿಂತೆ. ನನ್ನ ಪ್ರಬಂಧದ ಒಂದು ಅಡಿಟಿಪ್ಪಣಿಯಲ್ಲಿ ಬಿಟ್ಟುಹೋಗಿದ್ದ ಒಂದು ಚುಕ್ಕಿ ಇಟ್ಟು, ಪ್ರಬಂಧವನ್ನು ನನ್ನ ಕೈಗೆ ಕೊಟ್ಟರು. ಹೊಸ್ತಿಲು ದಾಟುವಾಗ ನಾನು "ಬರ್ತೀನಿ ಸಾರ್" ಅನ್ನಲಿಲ್ಲ.

ಬಸ್ಸಿನಲ್ಲಿ ಕೂತು ಅವರ ಲೇಖನವನ್ನು ಮತ್ತೆ ತೆರೆದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ, ಗಾಯವನ್ನು ಕೆರೆದುಕೊಳ್ಳುವುದಕ್ಕೇ ಇರಬೇಕು. ಬಾಳ್ಳುಪೇಟೆ ದಾಟುವಾಗ ಆ ಟಿಪ್ಪಣಿಯ ಕಡೆಯ ಭಾಗದ ಮೇಲೆ ಕಣ್ಣು ನಿಂತಿತು. ನೋಡಿದ ದಿನ. ಅಷ್ಟು ಸಲ ಓದಿದರೂ ಅದನ್ನು ನಾನು ಓದಿರಲಿಲ್ಲ. ಅಲ್ಲಿದ್ದದ್ದು ಅವರು ನಮ್ಮ ಮನೆಗೆ ಬಂದ ಆ ಸಂಕ್ರಾಂತಿಯ ದಿನ.

ಪುಟ ಲೋಕಕ್ಕೆ ಕಾಣಿಸಿದ್ದು ಶಿವರಾತ್ರಿಗೆ. ಸಂಕ್ರಾಂತಿಯ ದಿನ ಅದನ್ನು ನೋಡಬೇಕಾದರೆ ನಮ್ಮ ಅಡುಗೆಮನೆಯಲ್ಲೇ ಕೂತು ನೋಡಬೇಕಿತ್ತು. ನಾನೇ ತೆರೆದು ತೋರಿಸಬೇಕಿತ್ತು. ಶಿವರಾತ್ರಿಯ ಮುಂದಿನ ಯಾವ ದಿನಾಂಕ ಹಾಕಿದ್ದರೂ ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಅವರಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಕೈ 'ಸುಳ್ಳು ದಿನಾಂಕ ಬರೆಯಲಾರೆ' ಅಂದಿತೋ. ನನ್ನ ನಾಲ್ಕು ವರ್ಷವನ್ನು ಎತ್ತಿಕೊಂಡ ಮನುಷ್ಯನಿಗೆ ಒಂದು ತಾರೀಖು ಬದಲಿಸಲು ಆಗಿರಲಿಲ್ಲ.

ಮರುದಿನವೇ ಇದನ್ನು ಸಮಿತಿಗೆ ಬರೆದು ಕೊಟ್ಟೆ. ಕಂಪ್ಯೂಟರ್ ಬಲ್ಲವರೊಬ್ಬರಿಂದ ಬ್ಲಾಗಿನ ಒಳಗಿನ ದಾಖಲೆ ತೆಗೆಸಿ, ಪುಟ ಬಿಡುಗಡೆಯಾದ ದಿನ ಯಾವುದೆಂದು ಅವರು ಖಾತ್ರಿಮಾಡಿಕೊಂಡರು. ಆಮೇಲೆ ಮೇಷ್ಟ್ರಿಗೆ ಎರಡು ಪ್ರಶ್ನೆ ಬರೆದು ಕಳಿಸಿದರು. ನೀವು ಕೊಟ್ಟಿರುವ, ನೋಡಿದ ದಿನ ಸರಿಯೇ? ಆ ಪುಟ ಬರೆದವರು ಯಾರೆಂದು ನಿಮಗೆ ತಿಳಿದಿತ್ತೇ? ಉತ್ತರಕ್ಕೆ ಕಾದ ಆ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಪದವಿಯ ಚಿಂತೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಕೇಳಿದವರು ಹೊರಗಿನವರಾದ್ದರಿಂದ ಈಗಲಾದರೂ ಹೇಳಿಯಾರು ಎಂದು ಕಾಯುತ್ತಿದ್ದೆ. ಅವರ ಬಾಯಿಂದ ನನ್ನ ಹೆಸರು ಬಂದರೆ ಎಲ್ಲವನ್ನೂ ಮರೆಯಲು ತಯಾರಿದ್ದೆ.

ಇದಾದ ಮೇಲೆ ಅವರು ನಾಲ್ಕು ವರ್ಷ ಬದುಕಿದ್ದರು. ನಾನು ಹಾಸನಕ್ಕೆ ಹೋಗುವ ಬಸ್ಸು ಆಲೂರಿನಲ್ಲಿ ನಿಲ್ಲುತ್ತದೆ. ಒಂದು ದಿನವೂ ಇಳಿಯಲಿಲ್ಲ. ಒಮ್ಮೆ ಅವರು ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದರು, ತುಂಬ ಸೊರಗಿದ್ದರು. ಇಬ್ಬರೂ ನೋಡಿದೆವು. ನಾನು ಮೊಬೈಲು ನೋಡತೊಡಗಿದೆ, ಅವರು ಬಸ್ಸಿನ ಬೋರ್ಡು ಓದತೊಡಗಿದರು. ಇಳಿಯಬೇಕಿತ್ತು ಅಂತ ಈಗ ಅನ್ನಿಸುತ್ತದೆಯೇ ಎಂದು ಗೆಳೆಯ ಕೇಳಿದ. ಇಲ್ಲ ಅಂದೆ. ಅದು ಪೂರ್ತಿ ನಿಜವಲ್ಲ.

ಕಾದ ಆ ಮೂರು ವಾರ ಮುಗಿದ ಮೇಲೆ ಅವರ ಉತ್ತರ ಬಂದಿತ್ತು. ಸಮಿತಿಯವರು ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು. ಅಧ್ಯಕ್ಷರು ತಲೆ ನರೆತ ಹಿರಿಯರು. ಹಾಳೆಯ ಹಿಂಬದಿಯಿಂದಲೇ ನನಗೆ ಹಸಿರು ಇಂಕು ಕಾಣುತ್ತಿತ್ತು. ಇದ್ದದ್ದು ಎರಡೇ ಸಾಲು. ಅವರು ಗಟ್ಟಿಯಾಗಿ ಓದಿದರು.

"ನಾನು ಆ ಪುಟವನ್ನು ನೋಡಿದ ದಿನ ಸರಿಯಾಗಿದೆ. ಬರೆದವರು ಯಾರೆಂದು ನನಗೆ ತಿಳಿಯದು."

ಪಕ್ಕದಲ್ಲಿದ್ದ ಸದಸ್ಯರು, ಇವೆರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ ಅಂದರು. ಆ ದಿನ ಪುಟ ತೆರೆದೇ ಇರಲಿಲ್ಲ, ಬರೆದವರು ತೋರಿಸದೆ ಇವರು ನೋಡುವುದು ಹೇಗೆ ಅಂದರು. ಉಳಿದವರು ತಲೆಯಾಡಿಸಿದರು. ಅಧ್ಯಕ್ಷರು ಹಾಳೆಯನ್ನು ಮಡಿಸಿ ಫೈಲಿಗೆ ಸೇರಿಸಿ, ಎರಡೂ ಅಧ್ಯಾಯ ಹಾಗೇ ಇರಲಿ ಎಂದು ಬರೆದು ಸಹಿ ಹಾಕಿದರು. ಆಮೇಲೆ ತಲೆಯೆತ್ತಿ ನೋಡಿ ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು.

"ಎಲ್ಲ ನಿಮ್ಮ ಪರವಾಗಿಯೇ ಆಯ್ತಲ್ಲಮ್ಮ. ಈಗ ಯಾಕೆ ಅಳ್ತೀರಿ?"

"ಅವರಿಗೆ ನಾನು ಗೊತ್ತು ಸಾರ್," ಅಂದೆ.